ಗ್ರಬ್ ಪಾಸ್‌ವರ್ಡ್, ಬಯೋಸ್ ಪಾಸ್‌ವರ್ಡ್, ಡಿಸ್ಕ್ ಎನ್‌ಕ್ರಿಪ್ಶನ್: ಬೀಗ ಮುರಿದರೆ ಏನು ಸಿಗುತ್ತದೆ?

ಲಿನಕ್ಸ್ ಕಂಪ್ಯೂಟರ್ ಎದುರಿಗಿದ್ದರೆ ಒಳಗೆ ಹೋಗೋಕೆ ಪಾಸ್‌ವರ್ಡ್ ಗೊತ್ತಿರಲೇಬೇಕು ಅಂತೇನಿಲ್ಲ. ಕಂಪ್ಯೂಟರ್ ಆನ್ ಮಾಡಿದಾಗ ಲಿನಕ್ಸನ್ನು ಶುರು ಮಾಡಿಸುವ ಪ್ರೋಗ್ರಾಂ ಗ್ರಬ್. ಅದರ ಮೆನು ಬಂದಾಗ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ 'ಇನಿಟ್=/ಬಿನ್/ಬ್ಯಾಶ್' ಸೇರಿಸಿ, ಕಂಟ್ರೋಲ್-ಎಕ್ಸ್ ಒತ್ತಿದರೆ ನೇರ ರೂಟ್ ಶೆಲ್, ಅಂದರೆ ಎಲ್ಲಾ ಅಧಿಕಾರ ಇರುವ ಕಮಾಂಡ್ ಪರದೆ. ಲಾಗಿನ್ ಪರದೆ ಬರುವುದೇ ಇಲ್ಲ. ಪಾಸ್‌ವರ್ಡ್ ಮರೆತವರಿಗೆ ಇದು ವರ, ಆದರೆ ನಾಲ್ಕು ಜನ ಓಡಾಡುವ ಜಾಗದಲ್ಲಿ ಕಂಪ್ಯೂಟರ್ ಇಟ್ಟವರಿಗೆ ತಲೆನೋವು. ಈ ದಾರಿ ಮುಚ್ಚುವ ಉಪಾಯಗಳನ್ನು ಒಂದು ಹಳೆಯ ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಮತ್ತು ವರ್ಚುವಲ್ ಮಷೀನ್‌ಗಳ ಮೇಲೆ ಹಾಕಿ ನೋಡಿದೆ. ಹಾಕೋದು ಎಷ್ಟು ಸುಲಭ ಅನ್ನೋದಕ್ಕಿಂತ, ಅದು ಕೈಕೊಟ್ಟ ದಿನ ಒಳಗೆ ಬಂದವನಿಗೆ ಏನು ಸಿಗುತ್ತದೆ ಅನ್ನೋದನ್ನೇ ಜಾಸ್ತಿ ನೋಡಿದ್ದೇನೆ.

ಮೊದಲು ಗ್ರಬ್‌ನದೇ ಪಾಸ್‌ವರ್ಡ್. 'ಗ್ರಬ್-ಎಂಕೆಪಾಸ್‌ಡಬ್ಲ್ಯುಡಿ-ಪಿಬಿಕೆಡಿಎಫ್2' ಕಮಾಂಡ್ ಕೊಟ್ಟರೆ ಉದ್ದನೆಯ ಹ್ಯಾಶ್ (ಪಾಸ್‌ವರ್ಡಿನ ಗುರುತು ಸಿಗದ ರೂಪ) ಸಿಗುತ್ತದೆ. ಅದನ್ನು ಸೂಪರ್‌ಯೂಸರ್ ಹೆಸರಿನ ಜೊತೆ ಕಾನ್ಫಿಗ್ ಫೈಲಿಗೆ ಹಾಕಿ ಗ್ರಬ್ ಅಪ್‌ಡೇಟ್ ಮಾಡಿದರೆ ಮುಗಿಯಿತು. ಒಂದು ಕಿರಿಕಿರಿ ಇದೆ: 'ಅನ್‌ರಿಸ್ಟ್ರಿಕ್ಟೆಡ್' ಅಂತ ಸೇರಿಸದಿದ್ದರೆ ಸುಮ್ನೆ ಬೂಟ್ ಮಾಡೋಕೂ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಪರದೆ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ.

ಆದರೆ ಈ ಬೀಗಕ್ಕೆ ಒಂದು ಇತಿಹಾಸ ಇದೆ. 2015ರ ಡಿಸೆಂಬರ್‌ನಲ್ಲಿ ಸ್ಪೇನಿನ ವೆಲೆನ್ಸಿಯಾದ ಇಬ್ಬರು ಸಂಶೋಧಕರು, ಹೆಕ್ಟರ್ ಮಾರ್ಕೊ ಮತ್ತು ಇಸ್ಮಾಯೆಲ್ ರಿಪೋಲ್, ಇದರಲ್ಲಿ ಒಂದು ತೂತು ತೋರಿಸಿದರು. ಯೂಸರ್‌ನೇಮ್ ಕೇಳಿದಾಗ ಏನೂ ಟೈಪ್ ಮಾಡದೆ ಬ್ಯಾಕ್‌ಸ್ಪೇಸ್ ಅನ್ನು 28 ಸಲ ಒತ್ತೋದು, ಅಷ್ಟೇ. ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2015-8370 ಅಂತ ಅದರ ನಂಬರ್. 2010ರಲ್ಲಿ ಬಂದ 1.98 ಆವೃತ್ತಿಯಿಂದಲೂ ಅದು ಅಲ್ಲೇ ಕೂತಿತ್ತು. ಹಳೆಯ ಗ್ರಬ್ ಇರುವ ವರ್ಚುವಲ್ ಮಷೀನ್‌ನಲ್ಲಿ ನಾನೂ ಒತ್ತಿ ನೋಡಿದೆ. ಕರ್ಸರ್ ಎಡಕ್ಕೆ ಎಡಕ್ಕೆ ಸರಿಯುತ್ತಾ ಹೋಗಿ, ಪರದೆಯಲ್ಲಿ 'ಗ್ರಬ್ ರೆಸ್ಕ್ಯೂ>' ಅಂತ ಬಂತು. ಹೆಸರೂ ಬೇಡ, ಪಾಸ್‌ವರ್ಡೂ ಬೇಡ.

ಒಳಗೆ ನಡೆಯೋದು ಇಷ್ಟು. ಎಷ್ಟು ಅಕ್ಷರ ಟೈಪ್ ಆಗಿದೆ ಅನ್ನೋದನ್ನು ಒಂದು ವೇರಿಯೆಬಲ್ ಎಣಿಸುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದಾಗ ಅದರಲ್ಲಿ ಒಂದು ಕಳೆಯುತ್ತಾರೆ. ಅದು ಆಗಲೇ ಸೊನ್ನೆ ಇದೆಯಾ ಅಂತ ಯಾರೂ ನೋಡಿರಲಿಲ್ಲ. ಅದು ಋಣ ಸಂಖ್ಯೆ ಹಿಡಿಯದ ವೇರಿಯೆಬಲ್, ಹಾಗಾಗಿ ಸೊನ್ನೆಯಿಂದ ಕೆಳಗಿಳಿದರೆ ದೊಡ್ಡ ಸಂಖ್ಯೆಯಾಗಿ ತಿರುಗುತ್ತದೆ. ಕೊನೆಗೆ ಬಫರಿನ (ಟೈಪ್ ಮಾಡಿದ್ದನ್ನು ಇಡುವ ಮೆಮೊರಿ ಜಾಗ) ಉಳಿದ ಜಾಗವನ್ನು ಸೊನ್ನೆಯಿಂದ ತುಂಬುವ ಕೋಡ್, ಬಫರಿಗಿಂತ ಹಿಂದಿನ ಮೆಮೊರಿಯನ್ನೂ ಒರೆಸಿಹಾಕುತ್ತದೆ. ಅಲ್ಲಿದ್ದ ರಿಟರ್ನ್ ಅಡ್ರೆಸ್ (ಮುಂದೆ ಎಲ್ಲಿಗೆ ಮರಳಬೇಕು ಅನ್ನುವ ಗುರುತು) ಹೋಗುತ್ತದೆ, ಪ್ರೋಗ್ರಾಂ ದಾರಿ ತಪ್ಪಿ ರೆಸ್ಕ್ಯೂ ಶೆಲ್‌ಗೆ, ಅಂದರೆ ಗ್ರಬ್‌ನ ತುರ್ತು ಕಮಾಂಡ್ ಪರದೆಗೆ ಬಂದು ಬೀಳುತ್ತದೆ. ಸರಿಪಡಿಸಿದ್ದು ಹೇಗೆ ಗೊತ್ತಾ? ಅಕ್ಷರ ಇದ್ದರೆ ಮಾತ್ರ ಕಳೆ ಅನ್ನುವ ಒಂದು ಸಣ್ಣ ಷರತ್ತು, ಎರಡು ಜಾಗದಲ್ಲಿ. ಈಗಿನ ಗ್ರಬ್‌ನಲ್ಲಿ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಆದರೂ ಇದೊಂದೇ ಬೀಗವಾಗಿದ್ದರೆ, ಅದು ಬಿದ್ದಾಗ ಹಿಂದೆ ಬೇರೆ ತಡೆ ಇರಲ್ಲ. ಡಿಸ್ಕ್ ತೆರೆದೇ ಇರುತ್ತದೆ.

ಗ್ರಬ್ ಬದಲು ಬಳಸಬಹುದಾದ ಸಿಸ್ಟಂಡಿ-ಬೂಟ್ ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ಪಾಸ್‌ವರ್ಡ್ ಅನ್ನೋದೇ ಇಲ್ಲ. ಲೋಡರ್ ಕಾನ್ಫಿಗ್‌ನಲ್ಲಿ 'ಎಡಿಟರ್ ನೋ' ಅಂತ ಬರೆದರೆ 'ಇ' ಕೀ ಕೆಲಸ ಮಾಡಲ್ಲ, ಕಥೆ ಮುಗಿಯಿತು. ನನಗೆ ಇದು ಗ್ರಬ್ ಪಾಸ್‌ವರ್ಡಿಗಿಂತ ಇಷ್ಟವಾಯಿತು. ಹೆಸರು ಕೇಳದ ಕಡೆ ಹೆಸರು ಓದುವ ಕೋಡೂ ಇರಲ್ಲ, ಅದರಲ್ಲಿ ತೂತೂ ಇರಲ್ಲ, ಅಲ್ವಾ? ಆದರೆ ನಿಮಗೇ ತುರ್ತಿಗೆ ಬೇಕಾದಾಗಲೂ ಸಾಲು ತಿದ್ದೋಕೆ ಆಗಲ್ಲ, ಯುಎಸ್‌ಬಿ ಹುಡುಕಬೇಕು. ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಇಲ್ಲದ ಹಳೆಯ ಮಷೀನಿಗೆ ಇದು ಬರುವುದೂ ಇಲ್ಲ.

ಈ ಎರಡೂ ಯುಎಸ್‌ಬಿಯಿಂದ ಬೂಟ್ ಮಾಡುವವನನ್ನು ತಡೆಯಲ್ಲ. ಅದಕ್ಕೆ ಬಯೋಸ್ ಪಾಸ್‌ವರ್ಡ್ ಬೇಕು, ಅಂದರೆ ಗ್ರಬ್‌ಗಿಂತ ಮೊದಲೇ ಓಡುವ, ಮದರ್‌ಬೋರ್ಡಿನಲ್ಲೇ ಇರುವ ಪ್ರೋಗ್ರಾಂನ ಪಾಸ್‌ವರ್ಡ್. ಹಾಕೋದು ಎರಡು ನಿಮಿಷದ ಕೆಲಸ. ನನ್ನ ಡೆಸ್ಕ್‌ಟಾಪ್‌ನಲ್ಲಿ ತೆಗೆಯೋದೂ ಹಾಗೇ: ಕ್ಯಾಬಿನೆಟ್ ಬಿಚ್ಚಿ, ಬೋರ್ಡಿನ ಮೇಲಿನ ಗುಂಡು ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಪಾಸ್‌ವರ್ಡ್ ಮಾಯ. ಈಗಿನ ಲ್ಯಾಪ್‌ಟಾಪ್‌ಗಳು ಬ್ಯಾಟರಿ ತೆಗೆದರೂ ಮರೆಯದ ಚಿಪ್ಪಿನಲ್ಲಿ ಅದನ್ನು ಇಡುತ್ತವೆ, ಅಷ್ಟು ಸುಲಭಕ್ಕೆ ಬಗ್ಗಲ್ಲ. ಡಿಸ್ಕನ್ನೇ ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿದರೆ ಮಾತ್ರ ಎಲ್ಲಾ ಒಂದೇ.

ಕೊನೆಯದು ಲಕ್ಸ್, ಅಂದರೆ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡೋದು. ಬೂಟ್ ಆಗುವಾಗ ಇದರ ಪಾಸ್‌ವರ್ಡ್ ಕೇಳುವ ಸ್ಕ್ರಿಪ್ಟಿನಲ್ಲೂ ತೂತು ಸಿಕ್ಕಿತ್ತು, ಕಂಡುಹಿಡಿದವರೂ ಅದೇ ಇಬ್ಬರು. 2016ರಲ್ಲಿ, ಸಿವಿಇ-2016-4484. ಪಾಸ್‌ವರ್ಡ್ ಕೇಳುವಾಗ ಎಂಟರ್ ಕೀಯನ್ನು ಸುಮಾರು 70 ಸೆಕೆಂಡು ಒತ್ತಿ ಹಿಡಿದರೆ ಸ್ಕ್ರಿಪ್ಟ್ ಪ್ರಯತ್ನಿಸಿ ಸೋತು ರೂಟ್ ಶೆಲ್ ಕೊಡುತ್ತಿತ್ತು. ಕೇಳೋಕೆ ಗ್ರಬ್‌ನದಕ್ಕಿಂತ ಭಯಂಕರ. ಆದರೆ ಆ ಶೆಲ್‌ನಲ್ಲಿ ಕೂತು ನೋಡಿ, ಡಿಸ್ಕ್ ಇನ್ನೂ ಬೀಗ ಹಾಕಿಕೊಂಡೇ ಇರುತ್ತದೆ. ಅಳಿಸಿಹಾಕಬಹುದು, ಎನ್‌ಕ್ರಿಪ್ಟ್ ಆಗದ ಬೂಟ್ ಪಾರ್ಟಿಶನ್‌ನಲ್ಲಿ ಕಿತಾಪತಿ ಮಾಡಬಹುದು, ಓದೋಕೆ ಮಾತ್ರ ಆಗಲ್ಲ. ನನ್ನ ಓಟು ಇದಕ್ಕೆ ಬಿದ್ದದ್ದು ಇದೇ ಕಾರಣಕ್ಕೆ.

ಪ್ರತಿ ಸಲ ಪಾಸ್‌ವರ್ಡ್ ಹೊಡೆಯೋಕೆ ಬೇಜಾರು ಅಂತ ಟಿಪಿಎಂ ಚಿಪ್ಪಿಗೆ (ಕೀಗಳನ್ನು ಕಾಪಾಡುವ, ಬೋರ್ಡಿನ ಮೇಲಿನ ಚಿಪ್) ಕೀ ಕೊಡುವವರು ಒಂದು ವಿಷಯ ನೋಡಿಕೊಳ್ಳಿ. ಕೀಯನ್ನು ಪಿಸಿಆರ್ 7ಕ್ಕೆ (ಸೆಕ್ಯೂರ್ ಬೂಟ್ ಸ್ಥಿತಿಯನ್ನು ದಾಖಲಿಸುವ, ಚಿಪ್ಪಿನ ಒಳಗಿನ ಜಾಗ) ಮಾತ್ರ ಕಟ್ಟಿದ್ದರೆ, ಸೆಕ್ಯೂರ್ ಬೂಟ್, ಅಂದರೆ ಸಹಿ ಇರುವ ಪ್ರೋಗ್ರಾಂನಿಂದ ಮಾತ್ರ ಬೂಟ್ ಮಾಡುವ ವ್ಯವಸ್ಥೆಯ ಸ್ಥಿತಿ ಬದಲಾಗಿಲ್ಲ ಅಂತ ಚಿಪ್ ಕೀ ಕೊಟ್ಟುಬಿಡುತ್ತದೆ. ಗ್ರಬ್‌ನಲ್ಲಿ ಸಾಲು ತಿದ್ದಿದ್ದು ಅದಕ್ಕೆ ಗೊತ್ತಾಗಲ್ಲ. ಡಿಸ್ಕ್ ತಾನಾಗಿ ತೆರೆಯುತ್ತದೆ, ಮೇಲೆ ಹೇಳಿದ ಬ್ಯಾಶ್ ಶೆಲ್ ಕೂಡ ಬರುತ್ತದೆ. ಎನ್‌ಕ್ರಿಪ್ಟ್ ಮಾಡಿಯೂ ಮಾಡದ ಹಾಗೆ.

ಲ್ಯಾಪ್‌ಟಾಪ್‌ನಲ್ಲಿ ಈಗ ಲಕ್ಸ್, ಕೈಯಾರೆ ಹೊಡೆಯುವ ಪಾಸ್‌ವರ್ಡ್. ಕರ್ನಲ್ ಸಾಲಿಗೆ (ಗ್ರಬ್‌ನ ಅದೇ 'ಲಿನಕ್ಸ್' ಸಾಲು) 'ಪ್ಯಾನಿಕ್=5' ಸೇರಿಸಿದ್ದೇನೆ, ಎಂಟರ್ ಒತ್ತಿ ಹಿಡಿದವನಿಗೆ ಶೆಲ್ ಬದಲು ರೀಬೂಟ್ ಸಿಗುತ್ತದೆ. ಆ ಸಾಲನ್ನು ಯಾರೂ ಅಳಿಸದಿರಲಿ ಅಂತ ಗ್ರಬ್ ಪಾಸ್‌ವರ್ಡನ್ನೂ ಉಳಿಸಿಕೊಂಡಿದ್ದೇನೆ.