ಟ್ರೈಲರ್ ಅಡುಗೆಮನೆ: ಯಾವ ಸಾಮಾನು ಕೆಲಸಕ್ಕೆ ಬರುತ್ತದೆ, ಯಾವುದು ಸುಮ್ನೆ ಖರ್ಚು

ಕ್ಯಾಂಪಿಂಗ್ ಟ್ರೈಲರ್, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆ, ತಗೊಂಡವರು ಮೊದಲು ಮಾಡುವ ಕೆಲಸ ಒಂದೇ, ಆನ್‌ಲೈನಿನಲ್ಲಿ ಮಡಚುವ ಸಾಮಾನೆಲ್ಲ ಹುಡುಕಿ ತರಿಸುವುದು. ಮಡಚುವ ಟಬ್ಬು, ಮಡಚುವ ಜರಡಿ, ಮಡಚುವ ಕೆಟಲ್, ಕೊನೆಗೆ ಮಡಚುವ ಲೋಟ! ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ನಮ್ಮದು 16 ಅಡಿಯ ಪುಟ್ಟ ಟ್ರೈಲರ್. ಎರಡು ಬರ್ನರ್, ಒಂದು ಸಿಂಕ್, ಪಕ್ಕದಲ್ಲಿ ಒಂದು ಊಟದ ತಟ್ಟೆ ಇಟ್ಟರೆ ಮುಗಿದುಹೋಗುವಷ್ಟು ಕಟ್ಟೆ. ಇಷ್ಟರಲ್ಲೇ ಅನ್ನ, ಸಾರು, ಪಲ್ಯ, ಬೆಳಗಿನ ಉಪ್ಪಿಟ್ಟು ಎಲ್ಲ ಆಗಬೇಕು. ಬಳಸಿ ನೋಡಿ ಹೇಳುತ್ತಿದ್ದೇನೆ, ಮಡಚುವ ಸಾಮಾನಿಗಿಂತ ಒಂದರೊಳಗೊಂದು ಕೂರುವ ಸಾಮಾನು ಎಷ್ಟೋ ಮೇಲು.

ಮೊದಲ ಸ್ಥಾನ 3 ಲೀಟರಿನ ಸ್ಟೀಲ್ ಪ್ರೆಶರ್ ಕುಕ್ಕರಿಗೆ. ಹಾಕಿನ್ಸ್ ಆಗಲಿ ಪ್ರೆಸ್ಟೀಜ್ ಆಗಲಿ, ಊರಿಂದ ತಂದದ್ದು ಯಾವುದಾದರೂ ಸರಿ. ಒಳಗೆ ಎರಡು ಡಬ್ಬಿ ಒಂದರ ಮೇಲೊಂದು ಕೂರಬೇಕು, ಅದು ಮುಖ್ಯ. ಕೆಳಗೆ ಬೇಳೆ, ಮೇಲೆ ಅಕ್ಕಿ. ಒಂದು ಬರ್ನರಿನಲ್ಲಿ ಎರಡೂ ಬೆಂದು, ಇನ್ನೊಂದು ಬರ್ನರ್ ಪಲ್ಯಕ್ಕೆ ಉಳಿಯುತ್ತದೆ. ಎತ್ತರದ ಜಾಗಕ್ಕೆ ಹೋದಾಗ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಇಲ್ಲಿನ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿನ ದೊಡ್ಡ ಸರೋವರದ ಹತ್ತಿರದ ಕ್ಯಾಂಪ್‌ಗ್ರೌಂಡುಗಳು ಸುಮಾರು 2,400 ಮೀಟರ್ ಎತ್ತರದಲ್ಲಿವೆ. ಅಲ್ಲಿ ನೀರು 92 ಡಿಗ್ರಿ ಆಸುಪಾಸಿಗೇ ಕುದಿಯಲು ಶುರುವಾಗುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟು ಕೂತರೆ ಗ್ಯಾಸ್ ಉರಿಯುತ್ತಲೇ ಇರುತ್ತದೆ, ಬೇಳೆ ಮಾತ್ರ ಬೇಳೆಯಾಗಿಯೇ ಇರುತ್ತದೆ. ಕುಕ್ಕರಿಗೆ ಒಂದೆರಡು ವಿಷಲ್ ಜಾಸ್ತಿ ಕೂಗಿಸಿದರೆ ಆಯ್ತು. ಟ್ರೈಲರಿನ ಮುಂದೆ ಕೂರುವ 20 ಪೌಂಡಿನ ಪ್ರೊಪೇನ್ ಸಿಲಿಂಡರಿನಲ್ಲಿ ಇರುವುದು ಸುಮಾರು 9 ಕೆಜಿ ಗ್ಯಾಸ್, ನಮ್ಮೂರ 14.2 ಕೆಜಿ ಸಿಲಿಂಡರ್ ಅಲ್ಲ, ಮತ್ತೆ ರಾತ್ರಿ ಹೀಟರೂ ಅದರಲ್ಲೇ ಓಡಬೇಕು. ಹಾಗಾಗಿ ಗ್ಯಾಸ್ ಉಳಿಸುವ ಪಾತ್ರೆಗೆ ನನ್ನ ಓಟು.

ಖಾಲಿ ಕುಕ್ಕರನ್ನು ಹಾಗೇ ಒಯ್ಯಬೇಡಿ. ಎರಡು ಡಬ್ಬಿ, ಒಗ್ಗರಣೆ ಸೌಟು, ವಿಷಲ್, ಒಂದು ಎಕ್ಸ್‌ಟ್ರಾ ಗ್ಯಾಸ್ಕೆಟ್, ನಡುವೆ ಒಂದು ಟೀ ಟವೆಲ್, ಎಲ್ಲ ಅದರೊಳಗೇ. ಟವೆಲ್ ಇಲ್ಲದಿದ್ದರೆ ದಾರಿಯುದ್ದಕ್ಕೂ ಗಡಗಡ ಸದ್ದು.

ಕರೆಂಟಿನ ಕುಕ್ಕರ್ ಇನ್‌ಸ್ಟಂಟ್ ಪಾಟ್ ಮಿನಿ ಸಾಲದಾ ಅಂತ ಕೇಳುವವರಿಗೆ: 3 ಕ್ವಾರ್ಟಿನದು (ಮೂರು ಲೀಟರಿಗೆ ಸ್ವಲ್ಪ ಕಡಿಮೆ) ಒಳ್ಳೆ ಸಾಮಾನೇ, 700 ವ್ಯಾಟ್ ಅಷ್ಟೇ ಎಳೆಯುತ್ತದೆ. ಟ್ರೈಲರಿಗೆ ಕರೆಂಟ್ ಕೊಡುವ 30 ಆಂಪಿನ ಹುಕ್‌ಅಪ್ ಅಂದರೆ 120 ವೋಲ್ಟಿನಲ್ಲಿ 3,600 ವ್ಯಾಟ್, ಹಾಗಾಗಿ ಎಸಿ ಓಡುತ್ತಿದ್ದರೂ ಚಿಂತೆಯಿಲ್ಲ. ತೊಂದರೆ ಬೇರೆ. ಯೆಲ್ಲೋಸ್ಟೋನ್ ಪಾರ್ಕಿನೊಳಗೆ ಹುಕ್‌ಅಪ್ ಇರುವುದು ಫಿಶಿಂಗ್ ಬ್ರಿಡ್ಜ್ ಎಂಬ ಒಂದೇ ಕಡೆ. ಉಳಿದ ಕಡೆ ಜನರೇಟರ್ ಗತಿ, ಅದಕ್ಕೂ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ ಅವಕಾಶ, ಕೆಲವು ಕಡೆ ಅದೂ ಇಲ್ಲ. ಬೆಳಗ್ಗೆ ಆರಕ್ಕೆ ಎದ್ದು ಪೊಂಗಲ್ ಮಾಡುವವರಿಗೆ ಅದು ಆಗಿಬರುವುದಿಲ್ಲ. ಹುಕ್‌ಅಪ್ ಇರುವ ಆರ್‌ವಿ ಪಾರ್ಕಿನಲ್ಲೇ (ಇಂಥ ಗಾಡಿಗಳು ತಂಗುವ ಜಾಗ) ಉಳಿಯುವವರು ಧಾರಾಳವಾಗಿ ತಗೊಳ್ಳಿ.

ಪಾತ್ರೆಗಳ ವಿಷಯಕ್ಕೆ ಬಂದರೆ, ದೋಣಿ ಮತ್ತು ಟ್ರೈಲರಿನವರು ಹಾಡಿ ಹೊಗಳುವುದು ಮ್ಯಾಗ್ಮಾ ಕಂಪನಿಯ 10 ಪೀಸಿನ ಸ್ಟೀಲ್ ಸೆಟ್ಟನ್ನು. ಬಿಚ್ಚಿಡುವ ಹಿಡಿ, ಎಲ್ಲ ಪಾತ್ರೆ ಒಂದರೊಳಗೊಂದು ಕೂತು ಅರ್ಧ ಘನ ಅಡಿಯೂ ಆಗುವುದಿಲ್ಲ. ಸ್ನೇಹಿತರ ಟ್ರೈಲರಿನಲ್ಲಿ ಅದರಲ್ಲಿ ಅಡುಗೆ ಮಾಡಿದ್ದೇನೆ, ತಳ ದಪ್ಪ, ಈರುಳ್ಳಿ ಸೀಯುವುದಿಲ್ಲ, ಚೆನ್ನಾಗಿದೆ. ಆದರೆ ಬೆಲೆ ನೋಡಿದಾಗ ನೆನಪಾದದ್ದು ನಮ್ಮ ಮನೆಗಳ ಹಿಡಿಯಿಲ್ಲದ ಪಾತ್ರೆ ಮತ್ತು ಇಕ್ಕಳ. ಬಿಚ್ಚಿಡುವ ಹಿಡಿ ಅಂದರೆ ಅದೇ ಅಲ್ವಾ? ಅಳತೆ ಒಂದಕ್ಕಿಂತ ಒಂದು ಏರುತ್ತಾ ಹೋಗುವ ನಾಲ್ಕು ಸ್ಟೀಲ್ ಪಾತ್ರೆ, ಅವಕ್ಕೆ ಚಪ್ಪಟೆ ಮುಚ್ಚಳ, ಗಟ್ಟಿ ಇಕ್ಕಳ ಒಂದು. ಮುಚ್ಚಳವೇ ತಟ್ಟೆಯೂ ಆಗುತ್ತದೆ. ತಳ ತೆಳು ಇರುವುದರಿಂದ ಉರಿ ಸಣ್ಣಗಿಡಬೇಕು, ಅದೊಂದೇ ಕೊರತೆ. ಇಕ್ಕಳದ ಬಾಯಿಯ ಒಳಗೆ ಸಣ್ಣ ಹಲ್ಲಿರುವುದನ್ನು ನೋಡಿ ತಗೊಳ್ಳಿ. ನುಣ್ಣಗಿರುವುದು ಸಾರಿನ ಪಾತ್ರೆಯ ಅಂಚಿನಿಂದ ಜಾರುತ್ತದೆ, ಟ್ರೈಲರಿನಲ್ಲಿ ಕಾಲು ಹಿಂದೆ ಸರಿಸಲೂ ಜಾಗವಿರುವುದಿಲ್ಲ.

ಇನ್ನು ಮಡಚುವ ಸಿಲಿಕೋನ್. ಇದರಲ್ಲಿ ಪಾತ್ರೆ ತೊಳೆಯುವ ಟಬ್ಬು ಒಂದು ಖಂಡಿತ ಬೇಕು. ತೊಳೆದ ನೀರು ಅದರಲ್ಲೇ ನಿಲ್ಲುತ್ತದೆ, ಸಿಂಕಿನ ಕೊಳೆ ನೀರು ಸೇರುವ ಗ್ರೇ ಟ್ಯಾಂಕ್ ಬೇಗ ತುಂಬುವುದಿಲ್ಲ, ಕ್ಯಾಂಪ್‌ಗ್ರೌಂಡಿನ ಸಿಂಕಿಗೆ ಹೊತ್ತುಕೊಂಡೂ ಹೋಗಬಹುದು. ಸೊಪ್ಪು ತೊಳೆಯಲು, ಬಸಿಯಲು ಜರಡಿಯೂ ಪರವಾಗಿಲ್ಲ. ಕೆಟಲ್ ಮಾತ್ರ ಬೇಡ. ನಾವು ತರಿಸಿದ್ದು ಬಿಸಿಯಾದ ಮೇಲೆ ಮೆತ್ತಗಾಗಿ, ನೀರು ಬಗ್ಗಿಸುವಾಗ ಒಂದು ಕಡೆ ವಾಲುತ್ತಿತ್ತು, ಕಾಫಿಗೆ ರಬ್ಬರ್ ವಾಸನೆ ಬೇರೆ. ಸಿಲಿಕೋನ್ ಡಬ್ಬಿಯಲ್ಲಿ ಸಾಂಬಾರ್ ಇಟ್ಟರೆ ಅರಿಶಿನದ ಕಲೆ ಹೋಗುವುದಿಲ್ಲ, ಇಂಗಿನ ವಾಸನೆ ಅಂತೂ ಮುಂದಿನ ಸಲದ ಹಣ್ಣಿಗೂ ಬರುತ್ತದೆ.

ಮಿಕ್ಸಿ? ಊರಿನ 230 ವೋಲ್ಟಿನದು ಇಲ್ಲಿ ನಡೆಯುವುದಿಲ್ಲ, ಚಟ್ನಿಗೆ 250 ವ್ಯಾಟಿನ ಮ್ಯಾಜಿಕ್ ಬುಲೆಟ್ ಎಂಬ ಪುಟ್ಟ ಬ್ಲೆಂಡರ್ ಸಾಕು, ತೆಂಗಿನಕಾಯಿ ತುರಿದು ಹಾಕಬೇಕು ಅಷ್ಟೇ. ಕರೆಂಟ್ ಇಲ್ಲದ ಕಡೆಗೆ ದಾರ ಎಳೆಯುವ ಚಾಪರ್. ಬೆಂಗಳೂರಿನ ಸ್ಟೋವ್‌ಕ್ರಾಫ್ಟಿನವರ ಪಿಜನ್ ಹ್ಯಾಂಡಿ ಮಿನಿ 400 ಎಂಎಲ್‌ನದು, ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಮೂರು ಬ್ಲೇಡು. ಈರುಳ್ಳಿ, ಸೌತೆಕಾಯಿ, ಕ್ಯಾರೆಟ್ಟಿಗೆ ಬೊಂಬಾಟ್. ಚಟ್ನಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಓವನ್ ಇಲ್ಲದ ಟ್ರೈಲರಿಗೆ ಸ್ವೀಡನ್ನಿನ ಓಮ್ನಿಯಾ ಅಂತ ಬರ್ನರಿನ ಮೇಲೇ ಇಡುವ ಓವನ್ ಒಂದಿದೆ. ಕೆಳಗೆ ಸ್ಟೀಲ್ ತಟ್ಟೆ, ಮೇಲೆ ಉದ್ದಿನ ವಡೆಯ ಹಾಗೆ ನಡುವೆ ತೂತಿರುವ ಅಲ್ಯೂಮಿನಿಯಂ ಪಾತ್ರೆ, ಅದಕ್ಕೊಂದು ಮುಚ್ಚಳ. ಬರ್ನರಿನ ಬಿಸಿ ಆ ತೂತಿನಿಂದ ಮೇಲೆ ಹೋಗಿ ಮುಚ್ಚಳದ ಕೆಳಗೆ ಹರಡುತ್ತದೆ. ತೂಕ ಅರ್ಧ ಕೆಜಿ. ಬನ್ನು, ಬಾಳೆಹಣ್ಣಿನ ಕೇಕ್, ನಿನ್ನೆಯ ನಾನ್ ಬಿಸಿ ಮಾಡುವುದು, ಎಲ್ಲ ಆಗುತ್ತದೆ. ಮೇಲ್ಭಾಗ ಅಷ್ಟಾಗಿ ಕೆಂಪಗಾಗುವುದಿಲ್ಲ. ಮಕ್ಕಳಿದ್ದರೆ ತಗೊಳ್ಳಿ, ಇಲ್ಲದಿದ್ದರೆ ಆ ಜಾಗದಲ್ಲಿ ಎರಡು ಕೆಜಿ ಅಕ್ಕಿ ಕೂರುತ್ತದೆ.

ಒಗ್ಗರಣೆ ಬಗ್ಗೆ ಹೇಳಲೇಬೇಕು. ಟ್ರೈಲರಿನ ಒಳಗೆ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ಕೂಡಲೇ ಸ್ಮೋಕ್ ಅಲಾರಂ ಕಿರುಚುತ್ತದೆ, ಮೇಲಿನ ಫ್ಯಾನ್ ಹಾಕಿದರೂ ಅಷ್ಟೇ. ಅದಕ್ಕೇ ಹೊರಗೆ ಒಂದು ಬರ್ನರಿನ ಸಣ್ಣ ಒಲೆ ಇಟ್ಟುಕೊಂಡಿದ್ದೇವೆ. ಆದರೆ ಯೆಲ್ಲೋಸ್ಟೋನಿನಂಥ ಕರಡಿ ಇರುವ ಕಡೆ ಅಡುಗೆ ಮುಗಿದ ಮೇಲೆ ಒಲೆ, ಪಾತ್ರೆ, ಚಮಚ, ತೊಳೆದದ್ದಾದರೂ ಸರಿ, ಹೊರಗೆ ಬಿಡುವಂತಿಲ್ಲ. ಆಗಲೂ ಒಂದರೊಳಗೊಂದು ಕೂರುವ ಪಾತ್ರೆಯೇ ಗೆಲ್ಲುವುದು, ಒಂದೇ ಸಲಕ್ಕೆ ಎತ್ತಿಕೊಂಡು ಒಳಗೆ ಹೋಗಬಹುದು.

ಇನ್ನೂ ಸಿಗದೇ ಇರುವುದು ದೋಸೆ ಕಾವಲಿ. ಬೀಡಿನದು ಭಾರ, ಹಿಡಿ ಮಡಚುವ ನಾನ್‌ಸ್ಟಿಕ್ ತವಾಗಳಲ್ಲಿ ನಾನು ನೋಡಿದವಕ್ಕೆಲ್ಲ ಹಿಡಿಯ ಕೀಲು ಸಡಿಲ. 10 ಇಂಚಿಗಿಂತ ದೊಡ್ಡದಾದರೆ ಪಕ್ಕದ ಬರ್ನರ್ ಮುಚ್ಚಿಹೋಗುತ್ತದೆ. ಆ ಅಳತೆಯೊಳಗೆ ಯಾವುದಾದರೂ ಒಳ್ಳೆಯದನ್ನು ಬಳಸಿದ್ದರೆ ದಯವಿಟ್ಟು ಹೆಸರು ಹೇಳಿ.