ಮಡಿಕೇರಿಯ ಮಳೆಗಾಲಕ್ಕೊಂದು ವಿದ್ಯುತ್ ಕಂಬಳಿ

ಮಡಿಕೇರಿ ಪೇಟೆಯಲ್ಲಿ ಕೊಂಡ ಈ ವಿದ್ಯುತ್ ಕಂಬಳಿ ಹೊದೆಯುವುದಕ್ಕಲ್ಲ. ಹಾಸಿಗೆಯ ಮೇಲೆ ಹರಡಿ, ಅದರ ಮೇಲೆ ಬೆಡ್‌ಶೀಟ್ ಹಾಸಿಕೊಳ್ಳಲು ಮಾಡಿದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿಂಬು ಹಾಸಿಗೆಗಳೆಲ್ಲ ಥಂಡಿ ಹಿಡಿದು ಕೂರುವ ಕೊಡಗಿನಲ್ಲಿ ಇದು ಕೊಳ್ಳತಕ್ಕ ವಸ್ತುವೇ. ಆದರೆ ಬಳಸುವ ಕ್ರಮ ತಿಳಿದಿರಬೇಕು.

ಬಿಸಿಯ ಮೂರು ಮಟ್ಟಗಳಲ್ಲಿ ಅತಿ ಕಡಿಮೆಯದಕ್ಕೆ ಇಟ್ಟು ಅರ್ಧ ಗಂಟೆ ಬಿಟ್ಟರೆ ಹಾಸಿಗೆಯ ತೇವ ಆರುತ್ತದೆ, ಮಲಗಿದೊಡನೆ ಪಾದಗಳು ಬೆಚ್ಚಗಾಗಿ ನಿದ್ದೆ ಬೇಗ ಹತ್ತುತ್ತದೆ. ಇದಕ್ಕೆ ಕಾರಣವಿದೆ. ಚರ್ಮದ ನರತುದಿಗಳು ಚಳಿಯ ಸುದ್ದಿಯನ್ನು ಬೆನ್ನುಹುರಿಯ ಮೂಲಕ ಮೆದುಳಿನ ಹೈಪೋಥಲಾಮಸ್‌ಗೆ ಮುಟ್ಟಿಸುತ್ತವೆ. ಅಲ್ಲಿ ರಕ್ತದ ಬಿಸಿಯನ್ನು ತಾವೇ ಗ್ರಹಿಸುವ ನರಕೋಶಗಳೂ ಇದ್ದು, ಎರಡೂ ಕಡೆಯ ಸುದ್ದಿಯನ್ನು ಕೂಡಿಸಿ ನೋಡಿದ ಮೇಲೆ, ಕೈಕಾಲುಗಳ ರಕ್ತನಾಳಗಳನ್ನು ಬಿಗಿಯಬೇಕೋ ಸಡಿಲಿಸಬೇಕೋ, ಮೈ ನಡುಗಿಸಬೇಕೋ ಬೆವರಿಸಬೇಕೋ ಎಂಬುದು ತೀರ್ಮಾನವಾಗುತ್ತದೆ. ನಿದ್ದೆ ಹತ್ತುವ ಹೊತ್ತಿಗೆ ದೇಹದೊಳಗಿನ ಉಷ್ಣತೆ ತುಸು ಇಳಿಯಬೇಕು. ಪಾದಗಳ ರಕ್ತನಾಳಗಳು ಸಡಿಲಗೊಂಡರೆ ಒಳಗಿನ ಬಿಸಿ ಸುಲಭವಾಗಿ ಹೊರಹೋಗುತ್ತದೆ. ಕಾಲು ಕೊರೆಯುತ್ತಿದ್ದರೆ ಈ ದಾರಿಯೇ ಮುಚ್ಚಿದಂತೆ. ಇದೇ ಕಾರಣಕ್ಕೆ ಕಂಬಳಿಯನ್ನು ಅತಿ ಹೆಚ್ಚಿನ ಮಟ್ಟದಲ್ಲಿ ಇಟ್ಟು ಮಲಗಿದರೆ ಬಿಸಿ ಹೊರಹೋಗಲಾರದೆ ನಡುರಾತ್ರಿ ಬೆವತು ಎಚ್ಚರವಾಗುತ್ತದೆ.

ಪಾದಗಳಿಗೇ ಮುಖ್ಯವಾದ ಈ ವಸ್ತುವಿನಲ್ಲಿ ತಯಾರಕರು ಪಾದಗಳನ್ನೇ ಮರೆತಿದ್ದಾರೆ. ಕಂಬಳಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ಒಳಗಿನ ತಂತಿ ಕಾಲ ಕಡೆಯ ಅಂಚಿಗೆ ಒಂದು ಗೇಣು ಮುಂಚೆಯೇ ಹಿಂದಕ್ಕೆ ತಿರುಗಿರುವುದು ಕಾಣುತ್ತದೆ. ಕಂಬಳಿಯನ್ನು ಅಷ್ಟು ಕೆಳಕ್ಕೆ ಸರಿಸಿ ಹಾಸುವುದೊಂದೇ ಪರಿಹಾರ.

ದೊಡ್ಡ ಕೊರತೆಯೆಂದರೆ ತಾನಾಗಿ ಆರುವ ಟೈಮರ್ ಇಲ್ಲದಿರುವುದು. ಗಾಳಿಮಳೆಗೆ ಕರೆಂಟ್ ಹೋಗಿ ಬಂದರೆ ಕಂಬಳಿ ಹಿಂದಿನ ಮಟ್ಟದಲ್ಲೇ ಮತ್ತೆ ಬಿಸಿಯಾಗತೊಡಗುತ್ತದೆ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಬಿಸಿ ಹೆಚ್ಚಾದರೆ ಚರ್ಮವೇ ಎಚ್ಚರಿಸಬೇಕಲ್ಲವೇ ಎನ್ನಬಹುದು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ನರಗಳನ್ನು ಎಚ್ಚರಿಸುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು, ಅಂದರೆ ನರತುದಿಯಲ್ಲಿ ಬಿಸಿಯನ್ನು ಗ್ರಹಿಸುವ ಪ್ರೋಟೀನನ್ನು, 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಗುರುತಿಸಿತು. 2021ರ ವೈದ್ಯಕೀಯ ನೊಬೆಲ್ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ ಸಂದಿತು. (ನಮ್ಮ ತೋಟಗಳ ಕರಿಮೆಣಸಿನ ಖಾರವೂ ಇದೇ ಗ್ರಾಹಕವನ್ನು ಕೆಣಕುತ್ತದೆ, ಮೆಣಸಿನ ಕಷಾಯ ಬಾಯಿಗೆ ಬಿಸಿಯೆನಿಸುವುದರಲ್ಲಿ ಅದರ ಪಾಲೂ ಇದೆ.) ಆದರೆ ಈ ಎಚ್ಚರಿಕೆಯನ್ನೇ ನಂಬುವಂತಿಲ್ಲ. 44 ಡಿಗ್ರಿಯ ಬಿಸಿ ಆರು ಗಂಟೆ ತಾಗಿದ್ದರೂ ಚರ್ಮ ಸುಡಬಲ್ಲದು, ಏಕಪ್ರಕಾರದ ಬಿಸಿಗೆ ನರಗಳು ಒಗ್ಗಿಹೋಗುವುದರಿಂದ ನಿದ್ದೆಯಲ್ಲಿ ಅದು ಅರಿವಿಗೆ ಬಾರದೆಯೂ ಇರಬಹುದು. ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶ ಮಂದವಾದವರನ್ನು, ವಯಸ್ಸಾದವರನ್ನು, ತಾವಾಗಿ ಪಕ್ಕಕ್ಕೆ ಸರಿಯಲಾರದ ಹಸುಗೂಸುಗಳನ್ನು ಸ್ವಿಚ್ ಹಾಕಿರುವ ಈ ಕಂಬಳಿಯ ಮೇಲೆ ಮಲಗಿಸಲೇಬಾರದು. ಮೊದಲೇ ಹಾಸಿಗೆ ಕಾಯಿಸಿ, ಪ್ಲಗ್ ಕಿತ್ತು, ಆಮೇಲೆ ಮಲಗಿಸಬೇಕು.

ಬಟ್ಟೆಯ ಗುಣಮಟ್ಟ ಚೆನ್ನಾಗಿದೆ, ವೈರ್ ಸ್ವಲ್ಪ ಗಿಡ್ಡ. ಟೈಮರ್ ಇರುವ ಮಾದರಿ ಸಿಕ್ಕಿದರೆ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ಕೊಳ್ಳಿ. ಸಿಗದಿದ್ದರೆ, ಮಲಗುವ ಮುನ್ನ ಸ್ವಿಚ್ ಆರಿಸುವ ಅಭ್ಯಾಸವಿರುವ ಮನೆಗೆ ಮಾತ್ರ ಇದನ್ನು ಶಿಫಾರಸು ಮಾಡುತ್ತೇನೆ.