ಸ್ಯಾನ್ ಸ್ಟಾರ್ಮ್‌ನ ಬಾಗಿಲಿಗೆ ಹೊಸ ಪ್ಯಾನೆಲ್: ವಿದ್ಯಾನಗರದ ಸೀಟಿನ ಅಂಗಡಿ

ಕಾರಿನ ಬಾಗಿಲ ಒಳಬದಿಯ ಹಳೆಯ ಪ್ಯಾನೆಲ್ ಕೈಗೆ ಕೊಟ್ಟ ಕೂಡಲೇ ಅಂಗಡಿಯವರು ಅದನ್ನು ಮಗುಚಿದರು. ರೆಕ್ಸಿನ್ ಇರುವ ಮುಖವನ್ನು ನೋಡಲೇ ಇಲ್ಲ. ಹಿಂದಿನ ಹಲಗೆಯನ್ನು ಉಗುರಿನಿಂದ ಕೆರೆದರು, ಮೂಸಿದರು. "ಬಾಗಿಲ ಒಳಗೆ ಪ್ಲಾಸ್ಟಿಕ್ ಉಂಟಾ?" ಎಂದು ಕೇಳಿದರು. ಈ ಪ್ರಶ್ನೆ ಕೇಳುವವರನ್ನೇ ನಾನು ಎರಡು ವರ್ಷದಿಂದ ಹುಡುಕುತ್ತಿದ್ದೆ.

ಗಾಡಿ ನನ್ನ ಅಣ್ಣನದ್ದು. ಸ್ಯಾನ್ ಸ್ಟಾರ್ಮ್, ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಬಟ್ಟೆಯ ಟಾಪ್. 1998ರಲ್ಲಿ ಗೋವಾದ ಸ್ಯಾನ್ ಮೋಟಾರ್ಸ್ ಹೊರತಂದ ಸ್ಪೋರ್ಟ್ಸ್ ಕಾರು ಇದು. ಒಳಗಿರುವುದು 1149 ಸಿಸಿಯ ರೆನೋ ಎಂಜಿನ್. ಅಣ್ಣ ದುಬೈಗೆ ಹೋಗುವಾಗ ಬೀಗದ ಕೈ ನನಗೆ ಕೊಟ್ಟು, "ವಾರಕ್ಕೊಮ್ಮೆಯಾದರೂ ಓಡಿಸು" ಎಂದಿದ್ದ. ನಾನು ವಾರಕ್ಕೆ ಮೂರು ದಿನ ಓಡಿಸುತ್ತೇನೆ. ನೀರ್ಚಾಲಿನಿಂದ ಕುಂಬಳೆಗೆ, ಬದಿಯಡ್ಕಕ್ಕೆ, ನೂಲು ಗುಂಡಿ ತರಲು ಕಾಸರಗೋಡು ಪೇಟೆಗೆ. ನನ್ನದು ಹೊಲಿಗೆಯ ಕೆಲಸ. ಇಪ್ಪತ್ತೆರಡು ವರ್ಷದಿಂದ ಮೆಷಿನ್ ಮುಂದೆ ಕೂತವಳು. ಹಾಗಾಗಿ ಗಾಡಿಯ ಎಂಜಿನ್ ಬಗ್ಗೆ ಯಾರು ಏನು ಹೇಳಿದರೂ ಕೇಳುತ್ತೇನೆ. ಹೊಲಿಗೆಯ ವಿಷಯದಲ್ಲಿ ಮಾತ್ರ ನನ್ನ ಕಣ್ಣನ್ನೇ ನಂಬುತ್ತೇನೆ.

ಸ್ಟಾರ್ಮ್‌ನ ಮೈ ಫೈಬರ್ ಗ್ಲಾಸ್. ತುಕ್ಕು ಹಿಡಿಯುವುದಿಲ್ಲ, ನಮ್ಮ ಕರಾವಳಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಹಿಂದಿನ ಮಾಲೀಕರು ಬಾಗಿಲ ಒಳಬದಿಗೆ ಹಾಕಿಸಿದ್ದು ಹಾರ್ಡ್‌ಬೋರ್ಡ್. ವರ್ಷಕ್ಕೆ 3,000 ಮಿಲ್ಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಹಾರ್ಡ್‌ಬೋರ್ಡ್ ಎಷ್ಟು ದಿನ ತಡೆದೀತು? ಕೆಳಗಿನ ಅಂಚು ಉಬ್ಬಿ ಕುಂಬಾಗಿತ್ತು. ಪ್ಯಾನೆಲನ್ನು ಬಾಗಿಲಿಗೆ ಹಿಡಿದಿಡುವ ಕ್ಲಿಪ್ಪಿನ ತೂತುಗಳು ಹರಿದಿದ್ದವು. ಬಾಗಿಲು ಹಾಕಿದರೆ ಪ್ಯಾನೆಲ್ ಬೇರೆಯೇ ಒಂದು ಸದ್ದು ಮಾಡುತ್ತಿತ್ತು. ಇದಕ್ಕೆ ಹೊಸ ಪ್ಯಾನೆಲ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಮಾಡಿಸಲೇಬೇಕು.

ಮೊದಲು ಬೇರೆ ಊರಿನ ಒಂದು ಅಂಗಡಿಗೆ ಕೊಟ್ಟಿದ್ದೆ. ಅವರು ಉಬ್ಬಿದ ಹಲಗೆಯ ಮೇಲೆಯೇ ಹೊಸ ರೆಕ್ಸಿನ್ ಎಳೆದು ಅಂಟಿಸಿ ಕೊಟ್ಟರು. ನೋಡಲು ಚೆಂದವೇ ಇತ್ತು. ಏಪ್ರಿಲ್ ಬಿಸಿಲಿಗೆ ಮೇಲಿನ ಅಂಚಿನ ಗಮ್ ಬಿಟ್ಟಿತು. ಆಟಿ ತಿಂಗಳ ಮಳೆಗೆ ಕೆಳಗಿನ ಅಂಚು ಬೂಸ್ಟು ಹಿಡಿಯಿತು. ಕೊಟ್ಟ ದುಡ್ಡಿಗಿಂತ ಅಣ್ಣನಿಗೆ ಫೋಟೋ ಕಳಿಸಲು ಆಗಲಿಲ್ಲವಲ್ಲ ಎಂಬುದೇ ನನಗೆ ಹೆಚ್ಚು ಬೇಜಾರು.

ಕಾಸರಗೋಡಿನ ವಿದ್ಯಾನಗರದಿಂದ ಚೆರ್ಕಳದ ಕಡೆ ಬರುವಾಗ ಒಳರಸ್ತೆಯಲ್ಲಿರುವ ಈ ಅಂಗಡಿಯಲ್ಲಿ ದಿನವೂ ನಡೆಯುವುದು ಆಟೋರಿಕ್ಷಾದ ಸೀಟು, ಜೀಪಿನ ಹುಡ್, ಬಸ್ಸಿನ ಸೀಟುಗಳ ಕೆಲಸ. ಅವರ ಮನೆಮಾತು ಮಲಯಾಳ, ನನ್ನದು ಕನ್ನಡ. ವ್ಯವಹಾರವೆಲ್ಲ ತುಳುವಿನಲ್ಲಿ ನಡೆಯಿತು. ಪ್ಲಾಸ್ಟಿಕ್ ಯಾಕೆ ಕೇಳಿದ್ದು ಎಂದು ಅವರೇ ವಿವರಿಸಿದರು. ಮಳೆನೀರು ಗಾಜಿನ ಮೇಲೆ ಇಳಿದು ರಬ್ಬರಿನ ಸಂದಿಯಿಂದ ಬಾಗಿಲ ಒಳಗೆ ಹೋಗಿಯೇ ಹೋಗುತ್ತದೆ. ಎಲ್ಲ ಕಾರಿನಲ್ಲೂ ಹಾಗೆಯೇ. ಅದು ಬಾಗಿಲ ಅಡಿಯ ತೂತುಗಳಿಂದ ಹೊರಗೆ ಹೋಗಬೇಕು. ಆ ನೀರು ಹಲಗೆಗೆ ತಾಗದ ಹಾಗೆ ನಡುವೆ ಒಂದು ಪಾಲಿಥೀನ್ ಹಾಳೆ ಇರಬೇಕು. ನಮ್ಮ ಗಾಡಿಯಲ್ಲಿ ಆ ಹಾಳೆ ಹರಿದು ಅಂಗೈಯಷ್ಟು ಉಳಿದಿತ್ತು. ಅಡಿಯ ತೂತುಗಳಲ್ಲಿ ಕಸ ತುಂಬಿತ್ತು. ಅವರು ತಂತಿ ಹಾಕಿ ತೆಗೆದಾಗ ಕೊಳೆತ ಎಲೆಯ ಜೊತೆ ಒಂದು ಲೋಟದಷ್ಟು ನೀರು ಬಂತು. ಮೇಲಿನಿಂದ ನೀರು ಬರುತ್ತದೆ ಎಂದು ನಾನು ಸುಮ್ನೆ ಟಾಪನ್ನು ಎರಡು ಸಲ ರಿಪೇರಿ ಮಾಡಿಸಿದ್ದೆ!

ಹಲಗೆಗೆ ಏನು ಹಾಕುವುದು ಎಂಬುದರ ಮೇಲೆ ಜಾಸ್ತಿ ಚರ್ಚೆಯಾಯಿತು. ನೀರಿಗೆ ಹೆದರದ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಶೀಟ್ ಆಗಬಹುದು ಎಂದು ನಾನು ಹೇಳಿದೆ. ಜೀಪೊಂದಕ್ಕೆ ಹಾಕಿದ್ದ ತುಂಡನ್ನು ಅವರು ತೋರಿಸಿದರು. ಬಿಸಿಲಿಗೆ ಹಿಗ್ಗಿ, ಎರಡು ಕ್ಲಿಪ್ಪುಗಳ ನಡುವೆ ಅಲೆ ಅಲೆಯಾಗಿ ನಿಂತಿತ್ತು. ಕೊನೆಗೆ ಐಎಸ್ 710 (ನೀರು ತಾಳುವ ಪ್ಲೈವುಡ್‌ಗೆ ಇರುವ ಭಾರತೀಯ ಮಾನದಂಡ) ಮುದ್ರೆಯ 4 ಎಂಎಂ ಮರೈನ್ ಪ್ಲೈ ಎಂದು ತೀರ್ಮಾನವಾಯಿತು. ಪ್ಲೈಗೂ ನೀರು ಹತ್ತುವುದು ಅಂಚಿನಿಂದ, ತೂತಿನಿಂದ. ಅದಕ್ಕೆ ಎಲ್ಲವನ್ನೂ ಕತ್ತರಿಸಿ ಮುಗಿಸಿದ ಮೇಲೆಯೇ ಅಂಚಿಗೂ ತೂತಿನ ಒಳಮೈಗೂ ಎರಡು ಸಲ ಎಪಾಕ್ಸಿ ಹಚ್ಚಿದರು. ಕ್ಲಿಪ್ಪಿಗೆ 4 ಎಂಎಂ ದಪ್ಪವಾಗುತ್ತದೆ ಎಂದು ತೂತಿನ ಸುತ್ತ ಹಿಂಬದಿಯನ್ನು ಉಳಿಯಿಂದ ತೆಳ್ಳಗೆ ಮಾಡಿದರು. ಹೊರಗೆ ಕಾಣದ ಕೆಲಸ ಇದು. ಮಾಡದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಅಳತೆಯನ್ನು ಹಳೆಯ ಪ್ಯಾನೆಲ್‌ನಿಂದ ತೆಗೆಯಲಿಲ್ಲ. ಉಬ್ಬಿದ ಹಲಗೆಯ ಅಳತೆ ತಪ್ಪಾಗಿರುತ್ತದೆ ಅಲ್ವಾ? ರಟ್ಟಿನ ತುಂಡನ್ನು ಬಾಗಿಲಿಗೇ ಒತ್ತಿ ಹಿಡಿದು ಅಚ್ಚು ತೆಗೆದರು. ಕ್ಲಿಪ್ಪು ಕೂರುವ ತೂತುಗಳ ಅಂಚಿಗೆ ನನ್ನ ಚೀಲದಲ್ಲಿದ್ದ ಟೈಲರ್ ಚಾಕನ್ನೇ ತೇಯ್ದು ಹಚ್ಚಿದ್ದು. ರಟ್ಟು ಒತ್ತಿದಾಗ ನೀಲಿ ಉಂಗುರಗಳು ಮೂಡಿ ಬಂದವು. ಬಲ ಎಡ ಎರಡಕ್ಕೂ ಬೇರೆ ಬೇರೆ ಅಚ್ಚು. ಒಂದನ್ನೇ ಮಗುಚಿದರೆ ಸಾಲದು, ಎರಡು ಬಾಗಿಲಿನ ತೂತುಗಳು ಒಂದೇ ಸಮ ಇಲ್ಲ ಎಂದು ಅಳೆದು ತೋರಿಸಿದರು.

ಇನ್ನು ಹೊಲಿಗೆ. ಕಪ್ಪು ರೆಕ್ಸಿನ್, ನಡುವೆ ಜೇನು ಬಣ್ಣದ ಪಟ್ಟಿ. ಹೊಲಿಗೆಯ ಉದ್ದ 4 ಎಂಎಂ ಇರಲಿ ಎಂದು ನಾನು ಹೇಳುವ ಮೊದಲೇ ಅವರು ಮೆಷಿನ್ ತಿರುಗಿಸಿಟ್ಟಿದ್ದರು. ರೆಕ್ಸಿನ್‌ಗೆ ಒತ್ತೊತ್ತಾಗಿ ಹೊಲಿದರೆ ಸೂಜಿಯ ತೂತುಗಳು ಸಾಲಾಗಿ ನಿಂತು ಅಂಚೆಚೀಟಿಯ ಹಾಗೆ ಹರಿಯುತ್ತದೆ. ನೂಲು ಪಾಲಿಯೆಸ್ಟರ್. ಹತ್ತಿಯ ನೂಲು ಈ ಮಳೆಗೆ ಬಾಳುವುದಿಲ್ಲ. ಹಿಡಿಯ ಹತ್ತಿರ ಒಳಗೆ ಬಾಗುವ ಜಾಗದಲ್ಲಿ ರವಿಕೆಯ ಕುತ್ತಿಗೆಗೆ ಹಾಕುವ ಹಾಗೆಯೇ ಸಣ್ಣ ಸಣ್ಣ ಕಚ್ಚು ಹಾಕಿ, ಬಿಸಿಗಾಳಿ ಹಿಡಿದು ಎಳೆದು ಮಡಚಿದರು. ಒಂದು ಸುಕ್ಕೂ ಇಲ್ಲ. ಗಮ್ ಶಾಖ ತಾಳುವಂಥದ್ದು. ಎರಡೂ ಮುಖಕ್ಕೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾದು ಕೂಡಿಸಿದರು. ಈ ಕಾಯುವ ತಾಳ್ಮೆ ಹೊಲಿಗೆಯವರಲ್ಲೂ ಎಲ್ಲರಿಗೂ ಇರುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಹತ್ತು ದಿನ ಎಂದವರು ಇಪ್ಪತ್ತನಾಲ್ಕು ದಿನ ತೆಗೆದುಕೊಂಡರು. ನಡುವೆ ಬಸ್ಸಿನ ಕೆಲಸ ಬಂತು, ನನ್ನದು ಮೂಲೆಗೆ ಹೋಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಖುದ್ದಾಗಿ ಹೋಗಬೇಕು. ಎಡಗಡೆಯ ಹಿಡಿಯ ತೂತು 3 ಎಂಎಂನಷ್ಟು ಆಚೆಗೆ ಬಿದ್ದಿತ್ತು. ತೋರಿಸಿದಾಗ ಮಾತಾಡದೆ ಆ ಪ್ಯಾನೆಲ್ ಪೂರ್ತಿ ಬಿಚ್ಚಿ ಬೇರೆ ಮಾಡಿಕೊಟ್ಟರು, ಅದಕ್ಕೆ ದುಡ್ಡು ಕೇಳಲಿಲ್ಲ. ಗಮ್ಮಿನ ವಾಸನೆ ಎರಡು ವಾರ ಇತ್ತು. ತಲೆನೋವು ಇರುವವರು ಟಾಪ್ ತೆರೆದೇ ಓಡಿಸಿ. ಎರಡು ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ, ಅದನ್ನು ಕೂಡಿಸುವ ಬ್ಯುಟೈಲ್ ಟೇಪ್ ಎಲ್ಲ ಸೇರಿ 8,600 ರೂಪಾಯಿ ಆಯಿತು. ಮೊದಲಿನ ಅಂಗಡಿಯಲ್ಲಿ ಕೊಟ್ಟದ್ದಕ್ಕಿಂತ ಎರಡು ಪಟ್ಟು ಜಾಸ್ತಿ. ನನಗೆ ಇದು ನ್ಯಾಯದ ಬೆಲೆಯೇ.

ಮೇ ತಿಂಗಳಲ್ಲಿ ಹಾಕಿಸಿದ್ದು. ಪೂರ್ತಿ ಮಳೆಗಾಲ ಕಳೆದು, ಸೋಣ ತಿಂಗಳು ಮುಗಿದ ಮೇಲೆ ನಾನೇ ಎಡಗಡೆಯ ಪ್ಯಾನೆಲ್ ಬಿಚ್ಚಿ ನೋಡಿದೆ. ಪ್ಲಾಸ್ಟಿಕ್‌ನ ಆ ಬದಿ ಒದ್ದೆ, ಈ ಬದಿಯ ಪ್ಲೈ ಒಣಗಿಯೇ ಇತ್ತು. ಪೆನ್ಸಿಲಿನಲ್ಲಿ ಅವರು ಬರೆದಿದ್ದ ಅಳತೆ ಕೂಡ ಮಾಸಿರಲಿಲ್ಲ. ಆ ಫೋಟೋ ಅಣ್ಣನಿಗೆ ಕಳಿಸಿದೆ. ಅವನು ಅರ್ಧ ರಾತ್ರಿಯಲ್ಲಿ ಫೋನ್ ಮಾಡಿದ.

ಹೋಗುವವರು ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗಿ, ಆ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ. ಹಳೆಯ ಕ್ಲಿಪ್ಪುಗಳನ್ನು ಮುರಿದಿದ್ದರೂ ಬಿಸಾಡದೆ ತೆಗೆದುಕೊಂಡು ಹೋಗಿ, ಅದೇ ಅಳತೆಯದ್ದು ಹುಡುಕಲು ಬೇಕಾಗುತ್ತದೆ. ಪ್ಯಾನೆಲ್ ಮಾತ್ರ ಕೊಟ್ಟು ಬರಬೇಡಿ, ಗಾಡಿಯನ್ನೇ ನಿಲ್ಲಿಸಿ. ಸೀಟಿನ ಹಿಂದಿನ ಎರಡು ಸಣ್ಣ ತುಂಡುಗಳು ನಮ್ಮದರಲ್ಲಿ ಇನ್ನೂ ಹಳೆಯವೇ ಇವೆ. ಅಡಿಕೆ ಕೊಯ್ಲು ಶುರುವಾಗುವ ಮೊದಲು ಅವನ್ನೂ ಅಲ್ಲಿಗೇ ಕೊಡುತ್ತೇನೆ.